ಸೇಂಟ್ ಜಾನ್ಸ್ ವಸಂತ: ಮುನ್ಸೂಚನೆ ಬಳಸುವವರ ಕೈಪಿಡಿ

1. ಪರಿಚಯ

ಅಭಿನಂದನೆಗಳು. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್ಲೆಂಡ್ ದ್ವೀಪದ ವಸಂತ ಈಗ ನಿಮ್ಮ ಕೈಯಲ್ಲಿದೆ. ಮೆಮೋರಿಯಲ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಕನ್ನಡದ ಹುಡುಗ ಹುಡುಗಿಯರಿಗೆ, ಮಕ್ಕಳನ್ನು ನೋಡಿ ಬರೋಣವೆಂದು ಮೇ ತಿಂಗಳಿಗೆ ಟಿಕೆಟ್ ಮಾಡಿಸಿಕೊಂಡ ಅಪ್ಪ ಅಮ್ಮಂದಿರಿಗೆ, ಹಾಗೂ ಬಣ್ಣದ ಮನೆಗಳ ಫೋಟೊ ನೋಡಿ ಮನಸೋತವರಿಗೆ ಈ ಕೈಪಿಡಿ. ಸ್ವೆಟರುಗಳನ್ನು ಅಟ್ಟಕ್ಕೆ ಹಾಕುವ ಮೊದಲು ಪೂರ್ತಿ ಓದಿ. ಓದಿದ ಮೇಲೆ ನೀವಾಗಿಯೇ ಹಾಕುವುದಿಲ್ಲ.

ಭೂಪಟ ನೋಡಿ ಧೈರ್ಯ ತಂದುಕೊಳ್ಳಬೇಡಿ. ಸೇಂಟ್ ಜಾನ್ಸ್ ನಗರ ಇರುವುದು ಸುಮಾರು 47.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪ್ಯಾರಿಸ್‌ಗಿಂತ ದಕ್ಷಿಣಕ್ಕೆ. ಪ್ಯಾರಿಸ್‌ನವರು ಏಪ್ರಿಲ್‌ನಲ್ಲಿ ರಸ್ತೆಬದಿ ಕುರ್ಚಿ ಹಾಕಿ ಕಾಫಿ ಕುಡಿಯುವಾಗ ಇಲ್ಲಿಯವರು ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುತ್ತಿರುತ್ತಾರೆ. ಮೇ ತಿಂಗಳಲ್ಲಿ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 11 ಡಿಗ್ರಿ. ಮರಗಳು ಮೈತುಂಬ ಎಲೆ ಹೊದ್ದುಕೊಳ್ಳುವುದು ಜೂನ್‌ನಲ್ಲಿ. ಅಷ್ಟರಲ್ಲಿ ಪಂಚಾಂಗದ ಪ್ರಕಾರ ವಸಂತ ಮುಗಿದು ಬೇಸಿಗೆ ಬಂದಿರುತ್ತದೆ. ಆದ್ದರಿಂದ ಇದು ಋತುವನ್ನು ಅನುಭವಿಸುವ ಕೈಪಿಡಿಯಲ್ಲ, ನಿರೀಕ್ಷಿಸುವ ಕೈಪಿಡಿ.

2. ಪೆಟ್ಟಿಗೆಯಲ್ಲಿ ಏನೇನಿದೆ

ತೆರೆದ ಕೂಡಲೇ ಈ ಭಾಗಗಳಿವೆಯೇ ಎಂದು ಪರೀಕ್ಷಿಸಿಕೊಳ್ಳಿ. ಯಾವುದನ್ನೂ ಬದಲಾಯಿಸಿ ಕೊಡಲಾಗುವುದಿಲ್ಲ.

ತಣ್ಣೀರಿನ ಪ್ರವಾಹ: 1. ಇದಕ್ಕೆ ಲ್ಯಾಬ್ರಡಾರ್ ಪ್ರವಾಹ ಎಂದು ಹೆಸರು. ಆರ್ಕ್ಟಿಕ್ ಕಡೆಯ ನೀರನ್ನು ಹೊತ್ತು ದ್ವೀಪದ ಪೂರ್ವ ದಂಡೆಯನ್ನು ಸವರಿಕೊಂಡು ದಕ್ಷಿಣಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ದಂಡೆಯ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೆಲ ಬಿಸಿಲಿಗೆ ಬೇಗ ಕಾಯುತ್ತದೆ, ನೀರು ಕಾಯುವುದಿಲ್ಲ. ಈ ಒಂದು ವಾಕ್ಯ ಅರ್ಥವಾದರೆ ಕೈಪಿಡಿಯ ಅರ್ಧ ಓದಿದಂತೆ.

ಬಿಸಿನೀರಿನ ಪ್ರವಾಹ: 1. ಗಲ್ಫ್ ಸ್ಟ್ರೀಮ್. ಇದು ದ್ವೀಪವನ್ನು ಮುಟ್ಟುವುದಿಲ್ಲ, ದಕ್ಷಿಣದ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನುಗಾರಿಕೆಯ ಕಡಲಿನ ಅಂಚಿನಲ್ಲಿ ಹಾದುಹೋಗುತ್ತದೆ. ಅದರ ಮೇಲಿನ ಬೆಚ್ಚಗಿನ, ತೇವ ತುಂಬಿದ ಗಾಳಿ ಲ್ಯಾಬ್ರಡಾರ್ ನೀರಿನ ಮೇಲೆ ಬಂದಾಗ ಕೆಳಗಿನಿಂದ ತಣ್ಣಗಾಗಿ ಮಂಜಾಗುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಮಂಜು ಕವಿಯುವ ಜಾಗಗಳಲ್ಲಿ ಗ್ರ್ಯಾಂಡ್ ಬ್ಯಾಂಕ್ಸ್ ಕೂಡ ಒಂದು. ದಕ್ಷಿಣ ದಂಡೆಯ ಅರ್ಜೆಂಶಿಯಾದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಂಜು.

ತೇಲುಗಡ್ಡೆ: ಅಸಂಖ್ಯ. ಹಿಮಬಂಡೆ: ವರ್ಷಕ್ಕೊಂದು ಲೆಕ್ಕ.

ಗಾಳಿ: ಸದಾ ಚಾಲೂ. ಆಫ್ ಮಾಡುವ ಗುಂಡಿ ಇರುವುದಿಲ್ಲ.

ಬಿಸಿಲು: ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿದೆ.

3. ಅಳವಡಿಸುವ ಮೊದಲು

ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ಗಾಳಿ ಎತ್ತ ಕಡೆಯಿಂದ ಬರುತ್ತಿದೆ? ನೀವು ನಿಂತಿರುವುದು ಎಲ್ಲಿ?

ಗಾಳಿ ನೈಋತ್ಯ ಅಥವಾ ಪಶ್ಚಿಮದಿಂದ ಬಂದರೆ ಅದು ನೆಲದ ಮೇಲೆ ಹಾದು ಬಂದದ್ದು. ಮೇ ತಿಂಗಳ ಅಂಥ ದಿನ ಸೇಂಟ್ ಜಾನ್ಸ್‌ನಲ್ಲಿ 15 ಡಿಗ್ರಿ ದಾಟಬಹುದು. ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಗಾಳಿ ಈಶಾನ್ಯಕ್ಕೆ ತಿರುಗಿತೋ, ಅದೇ ಸಾಲು ಅದೇ ಚಡ್ಡಿಯಲ್ಲಿ 4 ಡಿಗ್ರಿಯಲ್ಲಿ ನಡುಗುತ್ತದೆ. ಇದಕ್ಕೆ ದಿನ ಕಳೆಯಬೇಕಿಲ್ಲ, ಒಂದೆರಡು ಗಂಟೆ ಸಾಕು. ಬಂದರಿನ ಕಿರಿದಾದ ಬಾಯಿಗೆ ಇಲ್ಲಿ ನ್ಯಾರೋಸ್ ಎನ್ನುತ್ತಾರೆ. ಮಂಜಿನ ಗೋಡೆ ಅದರಾಚೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕರೆಯಲೆಂದು ಕಾಯುವ ನೆಂಟನ ಹಾಗೆ ನಿಂತಿರುತ್ತದೆ. ಕರೆಯುವುದು ಪೂರ್ವದ ಗಾಳಿಯ ಕೆಲಸ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ನೈಋತ್ಯದ ಗಾಳಿ ಸಮುದ್ರದಿಂದ ನೇರವಾಗಿ ದಕ್ಷಿಣ ದಂಡೆಗೆ ಬಂದು ಬಡಿಯುತ್ತದೆ, ಅಲ್ಲಿ ಮಂಜು ತುಂಬುತ್ತದೆ. ಅದೇ ಗಾಳಿ ನೆಲ ದಾಟುವಷ್ಟರಲ್ಲಿ ಒಣಗಿ, ಉತ್ತರಕ್ಕೆ ಮುಖ ಮಾಡಿದ ಕೊಲ್ಲಿಗಳಲ್ಲಿ ಆಕಾಶ ತೆರೆದುಕೊಳ್ಳುತ್ತದೆ. ಈಶಾನ್ಯದ ಗಾಳಿ ಬಂದರೆ ಪಾತ್ರಗಳು ಅದಲುಬದಲು: ಈಶಾನ್ಯ ದಂಡೆಯ ಬೊನವಿಸ್ಟಾ ಊರು ಮಸುಕು, ನೈಋತ್ಯ ಮೂಲೆಯ ಕೊಡ್ರಾಯ್ ಕಣಿವೆಯಲ್ಲಿ ಬಿಸಿಲು. ಹೀಗಾಗಿ “ನ್ಯೂಫೌಂಡ್ಲೆಂಡ್‌ನಲ್ಲಿ ಇವತ್ತು ಹವಾಮಾನ ಹೇಗಿದೆ?” ಎಂಬ ಪ್ರಶ್ನೆಗೆ ಈ ಉಪಕರಣ ಉತ್ತರಿಸುವುದಿಲ್ಲ. ಊರು, ದಂಡೆ, ಸಾಧ್ಯವಾದರೆ ಬೀದಿಯ ಹೆಸರನ್ನೂ ನಮೂದಿಸಿ.

4. ಬಳಸುವ ಕ್ರಮ, ತಿಂಗಳವಾರು

*ಮಾರ್ಚ್.* 17ನೇ ತಾರೀಕು ಸೇಂಟ್ ಪ್ಯಾಟ್ರಿಕ್ ಹಬ್ಬ. ಅದರ ಆಸುಪಾಸಿನಲ್ಲಿ ಬೀಳುವ ದೊಡ್ಡ ಹಿಮಕ್ಕೆ ಶೀಲಾಳ ಪೊರಕೆ ಎಂದು ಹೆಸರು. ಶೀಲಾ ಪ್ಯಾಟ್ರಿಕ್‌ನ ಹೆಂಡತಿಯೋ, ತಂಗಿಯೋ, ಮನೆ ನೋಡಿಕೊಳ್ಳುತ್ತಿದ್ದವಳೋ ಎಂಬುದರಲ್ಲಿ ಒಮ್ಮತವಿಲ್ಲ. ಹಬ್ಬ ಮುಗಿದ ಮೇಲೆ ಆಕೆ ಚಳಿಗಾಲವನ್ನು ಗುಡಿಸಿ ಹಾಕುತ್ತಾಳೆ, ಪೊರಕೆಯಿಂದ ಎದ್ದದ್ದೇ ಹಿಮ, ಅದು ಬಿದ್ದ ಮೇಲೆ ಇನ್ನು ವಸಂತ, ಎಂಬುದು ನಂಬಿಕೆ. ಹಿಮ 15ಕ್ಕೆ ಬಿದ್ದರೆ ಶೀಲಾ ಈ ಸಲ ಅವಸರ ಮಾಡಿದಳು ಎನ್ನಿ. 25ಕ್ಕೆ ಬಿದ್ದರೆ ತಡ ಮಾಡಿದಳು ಎನ್ನಿ. ಎರಡು ಸಲ ಬಿದ್ದರೆ ಮೊದಲನೆಯದು ಪೊರಕೆಯಲ್ಲವೇ ಅಲ್ಲ ಎನ್ನಿ. ಮುನ್ಸೂಚನಾ ಶಾಸ್ತ್ರದಲ್ಲಿ ಇದಕ್ಕಿಂತ ಭದ್ರವಾದ ವಿಧಾನವಿಲ್ಲ: ಘಟನೆ ನಡೆಯಲಿ, ಹೆಸರನ್ನು ಆಮೇಲೆ ಇಡೋಣ.

ಇಷ್ಟಾದರೂ ಆಕಾಶಕ್ಕೆ ಈ ಒಪ್ಪಂದ ಗೊತ್ತಿಲ್ಲ. 1999ರ ಏಪ್ರಿಲ್ 5ರಂದು ಸೇಂಟ್ ಜಾನ್ಸ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನ 68.4 ಸೆಂಟಿಮೀಟರ್ ಹಿಮ ಬಿತ್ತು. ಶೀಲಾ ಪೊರಕೆಯನ್ನು ಮೂಲೆಗಿಟ್ಟು ಎರಡೂವರೆ ವಾರ ಕಳೆದಿತ್ತು. 2020ರ ಜನವರಿ 17ರಂದು 76.2 ಸೆಂಟಿಮೀಟರ್ ಬಿದ್ದು ಕಾರುಗಳೂ ಮುಂಬಾಗಿಲುಗಳೂ ಹೂತುಹೋಗುವ ತನಕ ಅಲ್ಲಿಯ ಒಂದು ದಿನದ ದಾಖಲೆ ಇದೇ ಆಗಿತ್ತು. ದಾಖಲೆ ಹಿಡಿದುಕೊಂಡಿದ್ದದ್ದು ಜನವರಿಯಲ್ಲ, ಫೆಬ್ರವರಿಯೂ ಅಲ್ಲ. ಹೂವಿನ ಬೀಜದ ಪೊಟ್ಟಣ ಅಂಗಡಿಗೆ ಬರುವ ತಿಂಗಳು.

*ಏಪ್ರಿಲ್.* ಮೇಲೆ ಬೆಚ್ಚಗಿನ ಗಾಳಿ, ಕೆಳಗೆ ಸಮುದ್ರದಿಂದ ನುಗ್ಗಿದ ತೆಳುವಾದ ತಣ್ಣನೆ ಪದರ. ಮೇಲಿನಿಂದ ಮಳೆಯಾಗಿ ಹೊರಟ ಹನಿ ಕೆಳಗೆ ಏನನ್ನು ಮುಟ್ಟಿತೋ ಅದರ ಮೇಲೆಯೇ ಗಾಜಾಗಿ ಹೆಪ್ಪುಗಟ್ಟುತ್ತದೆ. ಕೊಂಬೆ, ತಂತಿ, ಬಾಗಿಲ ಹಿಡಿ ಎಲ್ಲ ಹೊಳೆಯುತ್ತವೆ. ಸ್ಥಳೀಯರು ಇದನ್ನು ಗ್ಲಿಟರ್ ಎನ್ನುತ್ತಾರೆ. ನೋಡಲು ಚೆಂದ ಎಂದು ಫೋಟೊ ತೆಗೆಯಿರಿ, ಆದರೆ ಫೋನ್ ಚಾರ್ಜ್ ಉಳಿಸಿಕೊಳ್ಳಿ: 1984ರ ಏಪ್ರಿಲ್‌ನಲ್ಲಿ ಇಂಥದೇ ಮಳೆಗೆ ವಿದ್ಯುತ್ ಕಂಬಗಳು ಮುರಿದುಬಿದ್ದು ಸೇಂಟ್ ಜಾನ್ಸ್ ಇರುವ ಆವಲಾನ್ ಪರ್ಯಾಯ ದ್ವೀಪದ ಸುಮಾರು 2 ಲಕ್ಷ ಜನ ದಿನಗಟ್ಟಲೆ ಕತ್ತಲಲ್ಲಿದ್ದರು.

ಹಿಮಬಂಡೆಗಳು ಬರುವುದೂ ಈಗಲೇ. ಗ್ರೀನ್‌ಲ್ಯಾಂಡಿನ ಪಶ್ಚಿಮ ದಂಡೆಯ ಹಿಮನದಿಗಳಿಂದ ಕಳಚಿ, ಎರಡು ಮೂರು ವರ್ಷ ಸುತ್ತಿ, ಪ್ರವಾಹ ಹಿಡಿದು ಇಲ್ಲಿಗೆ ತಲುಪುತ್ತವೆ. 2017ರ ಏಪ್ರಿಲ್‌ನಲ್ಲಿ ಫೆರಿಲ್ಯಾಂಡ್ ಎಂಬ ಸಣ್ಣ ಊರಿನೆದುರು ಅಂಥದೊಂದು ಬಂಡೆ ಬಂದು ಕೂತಾಗ ನೋಡಲು ಬಂದವರ ಕಾರುಗಳಿಂದ ರಸ್ತೆಯೇ ಕಟ್ಟಿಹೋಯಿತು. ಎಷ್ಟು ಬರುತ್ತವೆಂದು ಹೇಳಲು ಹೋಗಬೇಡಿ. 48 ಡಿಗ್ರಿ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ಬಂದ ಬಂಡೆಗಳು 1984ರಲ್ಲಿ 2,202. 2006ರಲ್ಲಿ ಸೊನ್ನೆ. ಊರು ತಣ್ಣಗಿರುವುದಕ್ಕೆ ಅವನ್ನು ದೂರುವುದು ವಾಡಿಕೆ, ಆದರೆ ಬಂಡೆ ಬರಿಯ ಪ್ರಯಾಣಿಕ. ಅದನ್ನು ಹೊತ್ತು ತಂದ ನೀರಿನದೇ ತಪ್ಪು.

*ಮೇ.* 25ನೇ ತಾರೀಕಿಗೆ ಮುಂಚಿನ ಸೋಮವಾರ ವಿಕ್ಟೋರಿಯಾ ದಿನದ ರಜೆ. ದ್ವೀಪದವರೆಲ್ಲ ಡೇರೆ, ಟ್ರೇಲರ್, ಬಿಯರ್ ಪೆಟ್ಟಿಗೆ ಹೊತ್ತು ಕಾಡಿಗೆ ಹೊರಡುತ್ತಾರೆ. ಆ ವಾರಾಂತ್ಯ ಹಿಮ ಬೀಳುವುದು ಅಪರೂಪವಲ್ಲ. ಯಾರೂ ಪ್ರವಾಸ ರದ್ದು ಮಾಡುವುದಿಲ್ಲ. ಮುನ್ಸೂಚನೆಯನ್ನು ಪೂರ್ತಿ ನಂಬಿ, ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊರಡುವ ಈ ಕೌಶಲ ಹೊಸಬರಿಗೆ ಬರಲು ಕೆಲವು ವರ್ಷ ಬೇಕು.

*ಜೂನ್.* ಕ್ಯಾಪೆಲಿನ್ ಎಂಬ ಸಣ್ಣ ಬೆಳ್ಳಿ ಮೀನುಗಳು ಮೊಟ್ಟೆಯಿಡಲು ಅಲೆಗಳ ಜೊತೆ ದಂಡೆಗೇ ಉರುಳಿ ಬರುತ್ತವೆ. ಮಿಡ್ಲ್ ಕೋವ್ ದಂಡೆಯಲ್ಲಿ ಜನ ಬಕೆಟ್ಟು, ಬಲೆ ಹಿಡಿದು ನಿಲ್ಲುತ್ತಾರೆ, ಮೀನುಗಳ ಹಿಂದೆ ತಿಮಿಂಗಿಲಗಳೂ ಬರುತ್ತವೆ. ಈ ದಿನಗಳ ಪೂರ್ವ ಗಾಳಿ, ತುಂತುರು, ಮಂಜಿಗೆ ಕ್ಯಾಪೆಲಿನ್ ಹವೆ ಎಂದೇ ಹೆಸರು. ಬೇರೆ ತಿಂಗಳಲ್ಲಾದರೆ ಇದೇ ಹವೆಯನ್ನು ಬೈದುಕೊಳ್ಳುವವರು ಈಗ ತಾಳಿಕೊಳ್ಳುತ್ತಾರೆ, ಮೀನು ಬರುವುದಿದೆಯಲ್ಲ! ಕೆಟ್ಟ ಹವೆಗೆ ಒಂದು ಒಳ್ಳೆಯ ಕಾರಣ ಒದಗಿಸಿಕೊಂಡರೆ ಅದರ ತೀವ್ರತೆ ಕಡಿಮೆಯಾಗುತ್ತದೆಂಬುದಕ್ಕೆ ಇದು ಸಾಕ್ಷಿ.

5. ಪ್ರಕಟಣೆಯನ್ನು ಓದುವ ವಿಧಾನ

ದ್ವೀಪದ ಮುನ್ಸೂಚನೆ ಹೊರಡುವುದು ಗ್ಯಾಂಡರ್‌ನಲ್ಲಿರುವ ಸರ್ಕಾರಿ ಹವಾಮಾನ ಕಚೇರಿಯಿಂದ. ವಸಂತದ ಪ್ರಕಟಣೆ ಸಾಮಾನ್ಯವಾಗಿ ಈ ಧಾಟಿಯಲ್ಲಿರುತ್ತದೆ: ಗರಿಷ್ಠ 14, ಕರಾವಳಿಯುದ್ದಕ್ಕೂ ಮಾತ್ರ 5.

ಹೊಸಬರು 14 ಓದುತ್ತಾರೆ. ಹಳಬರು 5 ಓದುತ್ತಾರೆ. ಎರಡೂ ಒಂದೇ ದಿನದ, ಒಂದೇ ಪ್ರದೇಶದ, ಒಂದೇ ಸಾಲಿನ ಸತ್ಯಗಳು. ದ್ವೀಪದ ಜನವಸತಿಯೆಲ್ಲ ಬಹುಮಟ್ಟಿಗೆ ದಂಡೆಯಲ್ಲೇ ಇರುವುದರಿಂದ, ಮೊದಲ ಸಂಖ್ಯೆ ಮುಖ್ಯವಾಗಿ ಕಾಡಿನ ಮೂಸ್ ಎಂಬ ದೊಡ್ಡ ಜಿಂಕೆಗಳಿಗೆ ಸಂಬಂಧಿಸಿದ್ದು. ನಿಮಗೆ ಸಂಬಂಧಿಸಿದ್ದು ಎರಡನೆಯದು. ಇದನ್ನು ಗಡಿಬಿಡಿಯಲ್ಲಿ ಅಂಟಿಸಿದ ತಿದ್ದುಪಡಿ ಎಂದುಕೊಳ್ಳಬೇಡಿ. ಇಡೀ ಸಾಲಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಭಾಗ ಅದೇ. ಒಂದೇ ಸಂಖ್ಯೆ ಕೊಟ್ಟಿದ್ದರೆ ಅದು ಎಲ್ಲೋ ಒಂದು ಕಡೆ ಸುಳ್ಳಾಗುತ್ತಿತ್ತು.

ಮಳೆಯ ಶೇಕಡಾವಾರು ಇನ್ನೊಂದು ತೊಡಕು. 40 ಪ್ರತಿಶತ ಎಂದರೆ ದಿನದ ಶೇ. 40 ಭಾಗ ಮಳೆ ಎಂದಲ್ಲ, ಊರಿನ ಶೇ. 40 ಭಾಗಕ್ಕೆ ಎಂದೂ ಅಲ್ಲ. ಪ್ರದೇಶದ ಯಾವುದೇ ಒಂದು ಜಾಗದಲ್ಲಿ ಆ ಅವಧಿಯಲ್ಲಿ ಅಳೆಯುವಷ್ಟು, ಅಂದರೆ ಕನಿಷ್ಠ 0.2 ಮಿಲಿಮೀಟರ್, ಬೀಳುವ ಸಾಧ್ಯತೆ ಅಷ್ಟು. ಅಳತೆಗೆ ಸಿಗದ ತುಂತುರಿನಲ್ಲಿ ಬೆಳಗಿಡೀ ನೆನೆದವರು ಅಂಕಿಅಂಶದ ಪ್ರಕಾರ ಒಣಗಿಯೇ ಇದ್ದಾರೆ.

ಊರಿಗೆ ಫೋನ್ ಮಾಡಿ ಹೇಳುವಾಗ: ಈ ದ್ವೀಪದ ಗಡಿಯಾರವೂ ಭಾರತದ್ದರ ಹಾಗೆ ಅರ್ಧ ಗಂಟೆಯ ಲೆಕ್ಕದ್ದು. ಹಾಗಾಗಿ ವಸಂತದಲ್ಲಿ ಅಂತರ ಸರಿಯಾಗಿ 8 ಗಂಟೆ. ಇಲ್ಲಿ ಮಧ್ಯಾಹ್ನ 12 ಎಂದರೆ ಬೆಂಗಳೂರಲ್ಲಿ ರಾತ್ರಿ 8. ಸೆಕೆಗೆ ಫ್ಯಾನಿನ ಕೆಳಗೆ ಕೂತ ಅಮ್ಮ “ಅಲ್ಲಿ ಹೇಗಿದೆ?” ಎಂದಾಗ ಎರಡನೆಯ ಸಂಖ್ಯೆ ಹೇಳಬೇಡಿ. ಮೂಸ್‌ನ ಸಂಖ್ಯೆ ಹೇಳಿ.

6. ಎಚ್ಚರಿಕೆ

ಎಚ್ಚರಿಕೆಯನ್ನು ಮೊದಲ ಪುಟದಲ್ಲಿ ಅಚ್ಚು ಹಾಕುವುದು ರೂಢಿ. ಮೊದಲ ಪುಟದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಿ ಹಾಕಿದೆ.

1914ರ ಮಾರ್ಚ್ 31. ಸೀಲ್ ಬೇಟೆಯ ಕಾಲ. “ನ್ಯೂಫೌಂಡ್ಲೆಂಡ್” ಎಂಬ ಹೆಸರಿನದೇ ಹಡಗು ತೇಲುಗಡ್ಡೆಗಳ ನಡುವೆ ಸಿಕ್ಕಿಬಿದ್ದಿತ್ತು. ಅದರ ಕಪ್ತಾನ ವೆಸ್ಟ್‌ಬರಿ ಕೀನ್ ತನ್ನ ಜನರನ್ನು ಗಡ್ಡೆಯ ಮೇಲೆ ನಡೆಸಿ, ತಂದೆ ಏಬ್ರಮ್ ಕೀನ್ ಕಪ್ತಾನನಾಗಿದ್ದ “ಸ್ಟೆಫನೊ” ಹಡಗಿನತ್ತ ಕಳಿಸಿದ. ತಂದೆ ಅವರಿಗೆ ಚಹಾ, ಬಿಸ್ಕತ್ತು ಕೊಟ್ಟು ಬೇಟೆಯ ಕಡೆ ಇಳಿಸಿ, ಸಂಜೆ ನಿಮ್ಮ ಹಡಗಿಗೇ ಹೋಗಿ ಎಂದ. ಬಿರುಗಾಳಿ ಎದ್ದಿತು. ಜನ ಸ್ಟೆಫನೊದಲ್ಲಿ ಕ್ಷೇಮವಾಗಿದ್ದಾರೆಂದು ಮಗ ತಿಳಿದುಕೊಂಡ. ತಮ್ಮ ಹಡಗಿಗೆ ಮುಟ್ಟಿದ್ದಾರೆಂದು ತಂದೆ ತಿಳಿದುಕೊಂಡ. 132 ಮಂದಿ ಎರಡು ರಾತ್ರಿ ಬಯಲು ಗಡ್ಡೆಯ ಮೇಲೆ ಮೊದಲು ಮಳೆಯಲ್ಲಿ, ಆಮೇಲೆ ಹಿಮದಲ್ಲಿ ಉಳಿದರು. 78 ಮಂದಿ ಸತ್ತರು. ಅದೇ ಬಿರುಗಾಳಿಯಲ್ಲಿ “ಸದರ್ನ್ ಕ್ರಾಸ್” ಎಂಬ ಇನ್ನೊಂದು ಹಡಗು 170ಕ್ಕೂ ಹೆಚ್ಚು ಜನರ ಸಮೇತ ಕಾಣೆಯಾಯಿತು.

ಸ್ಟೆಫನೊದಲ್ಲಿ ವೈರ್‌ಲೆಸ್ ಇತ್ತು. ನ್ಯೂಫೌಂಡ್ಲೆಂಡ್ ಹಡಗಿನಲ್ಲಿ ಇದ್ದದ್ದನ್ನು ಲಾಭ ತರಲಿಲ್ಲವೆಂದು ಮಾಲೀಕರು ತೆಗೆಸಿದ್ದರು. ಸಾಗರ ದಾಟಿ ಬಂದ ವೈರ್‌ಲೆಸ್ ಸಂಕೇತವನ್ನು ಮಾರ್ಕೋನಿ 1901ರ ಡಿಸೆಂಬರ್ 12ರಂದು ಹಿಡಿದದ್ದು ಇದೇ ಸೇಂಟ್ ಜಾನ್ಸ್‌ನ ಸಿಗ್ನಲ್ ಹಿಲ್ ಗುಡ್ಡದ ಮೇಲೆ. ಸಾಗರದಾಚೆಯ ಸದ್ದು ಕೇಳಿಸಿದ ದ್ವೀಪದ ಕಡಲಲ್ಲಿ, ಹದಿಮೂರನೇ ವರ್ಷಕ್ಕೆ, ಒಂದೇ ಗಡ್ಡೆಯ ಹಾಸಿನ ಮೇಲಿದ್ದ ತಂದೆ ಮಗನ ನಡುವೆ ಒಂದು ಮಾತು ದಾಟಲಿಲ್ಲ.

ಟೈಟಾನಿಕ್ ಇದೇ ಕಡಲಿನ ದಕ್ಷಿಣಕ್ಕೆ 1912ರ ಏಪ್ರಿಲ್‌ನಲ್ಲಿ ಮುಳುಗಿದಾಗಲೂ ಗಡ್ಡೆಗಳಿವೆ ಎಂಬ ಸಂದೇಶಗಳು ಬಂದಿದ್ದವು, ಎಲ್ಲವೂ ತಲುಪಬೇಕಾದವರಿಗೆ ತಲುಪಲಿಲ್ಲ. ಆ ದುರಂತದ ಫಲವಾಗಿ ಹುಟ್ಟಿದ ಅಂತಾರಾಷ್ಟ್ರೀಯ ಹಿಮ ಗಸ್ತು ಇವತ್ತಿಗೂ ಬಂಡೆಗಳನ್ನು ಎಣಿಸಿ ಹಡಗುಗಳಿಗೆ ತಿಳಿಸುತ್ತದೆ. ಎಣಿಸುವುದು ಅದರ ಅರ್ಧ ಕೆಲಸ. ತಿಳಿಸುವುದು ಇನ್ನರ್ಧ.

7. ಐಚ್ಛಿಕ ಬಿಡಿಭಾಗ: ಮನುಷ್ಯ

ದ್ವೀಪದ ನೈಋತ್ಯ ಮೂಲೆಯ ರೆಕ್‌ಹೌಸ್ ಎಂಬಲ್ಲಿ ಆಗ್ನೇಯ ಗಾಳಿ ಲಾಂಗ್ ರೇಂಜ್ ಬೆಟ್ಟಗಳ ಮೇಲೆ ಹತ್ತಿ ಇಳಿಯುವಾಗ ರೈಲಿನ ಬೋಗಿಯನ್ನೇ ಹಳಿಯಿಂದ ಉರುಳಿಸುವಷ್ಟು ಜೋರಾಗುತ್ತಿತ್ತು. ಅಲ್ಲಿ ಬೇಟೆ, ಬೇಸಾಯ ಮಾಡಿಕೊಂಡಿದ್ದ ಲಾಕಿ ಮ್ಯಾಕ್‌ಡೂಗಲ್ ಎಂಬಾತನನ್ನು ರೈಲ್ವೆಯವರು 1930ರ ದಶಕದಲ್ಲಿ ತಿಂಗಳಿಗೆ 20 ಡಾಲರ್ ಕೊಟ್ಟು ನೇಮಿಸಿಕೊಂಡರು. ಕೆಲಸ ಇಷ್ಟೇ: ಗಾಳಿಯ ವಾಸನೆ ಹಿಡಿಯುವುದು, ರೈಲು ಬಿಡಬಹುದೇ ಬೇಡವೇ ಎಂದು ಹೇಳುವುದು. ಅವನು ಬೇಡವೆಂದರೆ ರೈಲು ನಿಲ್ಲುತ್ತಿತ್ತು. ಒಮ್ಮೆ ಅವನ ಮಾತು ಮೀರಿ ಹೊರಟ ರೈಲಿನ ಬೋಗಿಗಳು ಹಳಿಬಿಟ್ಟು ಬಿದ್ದವೆಂದು ಈಗಲೂ ಹೇಳುತ್ತಾರೆ. 1965ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಎಮಿಲಿ ಆ ಕೆಲಸ ಮುಂದುವರಿಸಿದಳು.

1988ರಲ್ಲಿ ರೈಲೇ ನಿಂತುಹೋಯಿತು. ಗಾಳಿ ನಿಲ್ಲಲಿಲ್ಲ. ಹೆದ್ದಾರಿಯ ಲಾರಿಗಳಿಗಾಗಿ ಹವಾಮಾನ ಇಲಾಖೆ ಇಂದಿಗೂ ರೆಕ್‌ಹೌಸ್ ಗಾಳಿಯ ಎಚ್ಚರಿಕೆ ಕೊಡುತ್ತದೆ. ಮ್ಯಾಕ್‌ಡೂಗಲ್ ಬಳಿ ಇದ್ದದ್ದು ಈ ಕೈಪಿಡಿಯ ಮೂರನೇ ಭಾಗದ ಎರಡು ಪ್ರಶ್ನೆಗಳೇ. ಅವನ ಉತ್ತರಕ್ಕೆ ಬೆಲೆ ಬಂದದ್ದು ಮೂರನೆಯದೊಂದು ಇದ್ದದ್ದರಿಂದ: ಕಿವಿಗೊಡುವ ರೈಲ್ವೆ.

8. ದೋಷ ನಿವಾರಣೆ

*ಸಮಸ್ಯೆ: ಬೆಳಗ್ಗೆ ಬಿಸಿಲಿತ್ತು, ಮಧ್ಯಾಹ್ನ ಎದುರು ಮನೆ ಕಾಣುತ್ತಿಲ್ಲ.* ಗಾಳಿ ಪೂರ್ವಕ್ಕೆ ತಿರುಗಿದೆ. ಉಪಕರಣ ಸರಿಯಾಗಿಯೇ ಕೆಲಸ ಮಾಡುತ್ತಿದೆ.

*ಸಮಸ್ಯೆ: ಕೊಲ್ಲಿಯಲ್ಲಿ ತೇಲುಗಡ್ಡೆ ತುಂಬಿದೆ, ದೋಣಿ ಹೊರಡುತ್ತಿಲ್ಲ.* ಈಶಾನ್ಯದ ಗಾಳಿ ಗಡ್ಡೆಯನ್ನು ದಂಡೆಗೆ ಒತ್ತಿದೆ. ನೈಋತ್ಯ ಗಾಳಿ ಬರುವ ತನಕ ಕಾಯಿರಿ. ಗಡ್ಡೆಯ ಜೊತೆ ಹಿಮಕರಡಿ ಬಂದಿದ್ದರೆ ಒಳಗೆ ಕೂತು ಕಾಯಿರಿ.

*ಸಮಸ್ಯೆ: ಮುನ್ಸೂಚನೆಯಲ್ಲಿ ಹಿಮ ಎಂದಿತ್ತು, ಮಳೆ ಬಂತು.* ಒಂದು ಡಿಗ್ರಿ ಆಚೀಚೆ ಆಗಿದೆ. ಸಮುದ್ರ ಸೊನ್ನೆಯ ಹತ್ತಿರವಿರುವ ಕಡೆ ಒಂದು ಡಿಗ್ರಿ ಎಂದರೆ ಸಣ್ಣ ತಪ್ಪಲ್ಲ, ಅದೇ ಇಡೀ ಪ್ರಶ್ನೆ.

*ಸಮಸ್ಯೆ: ಬಿಸಿಲು ಮೂರು ದಿನದಿಂದ ಬಿಟ್ಟೂಬಿಡದೆ ಇದೆ.* ಜುಲೈ ಬಂದಿದೆ. ಕೈಪಿಡಿ ಮುಚ್ಚಿಡಿ.

9. ವಾರಂಟಿ

ಈ ಉಪಕರಣ ಬಿಸಿಲಿಗೆ ಖಾತರಿ ಕೊಡುವುದಿಲ್ಲ, ನಿಮ್ಮ ಬಟ್ಟೆಯ ಆಯ್ಕೆಗೂ ಇಲ್ಲ. ಐದು ದಿನದಾಚೆಗೆ ಅದು ಹೇಳುವುದನ್ನು ಒಲವಿನಿಂದ ಕೇಳಿ, ಟಿಕೆಟ್ ಮಾತ್ರ ಅದರ ಮೇಲೆ ಕಾಯ್ದಿರಿಸಬೇಡಿ.

ವಾರಂಟಿ ಜಾರಿಯಲ್ಲಿರಬೇಕಾದರೆ ಮಾರ್ಚ್‌ನಿಂದ ಜೂನ್ ತನಕ ದಿನವೂ ಮೂರು ಖಾನೆ ತುಂಬಬೇಕು. ಒಂದು, ಗಾಳಿ ಎತ್ತಣಿಂದ. ಎರಡು, ನೀವು ಎಲ್ಲಿ. ಇವೆರಡಕ್ಕೆ ಉಪಗ್ರಹ, ರಾಡಾರು, ಗ್ಯಾಂಡರ್‌ನ ಕಚೇರಿ ಎಲ್ಲ ನೆರವಾಗುತ್ತವೆ. ಮೂರು, ಯಾರಿಗೆ ಹೇಳಿದಿರಿ. ದೋಣಿ ತಳ್ಳುತ್ತಿರುವ ಪಕ್ಕದ ಮನೆಯವನಿಗೋ, ಸಂಜೆ ಕೇಪ್ ಸ್ಪಿಯರ್ ಭೂಶಿರಕ್ಕೆ ನಡೆದುಹೋಗುವೆನೆಂದ ರೂಮ್‌ಮೇಟ್‌ಗೋ, ಹೆದ್ದಾರಿ ಹಿಡಿಯಲಿರುವ ಲಾರಿಯವನಿಗೋ. ಈ ಖಾನೆಯನ್ನು ತುಂಬುವ ಯಂತ್ರ ಇನ್ನೂ ಬಂದಿಲ್ಲ. ಮೂರನೇ ಖಾನೆ ಖಾಲಿ ಇರುವ ಕಾರ್ಡುಗಳನ್ನು ಸ್ವೀಕರಿಸಲಾಗುವುದಿಲ್ಲ.